ಗುಂಪಲ್ಲಿ ಕೆಳಗಿರೋ ಕೋತಿಗೇ ಕೊಕೇನ್ ಜಾಸ್ತಿ ಯಾಕೆ ಬೇಕಾಯ್ತು?

ನಮಸ್ಕಾರ ಎಲ್ರಿಗೂ. ಡೊಂಬಿವಲಿಯಿಂದ ಒಬ್ರು ಅಕ್ಕ ಕೇಳಿದ ಪ್ರಶ್ನೆ ಒಂದು ವಾರದಿಂದ ನನ್ನ ತಲೇಲೇ ಕೂತಿದೆ. ಒಂದೇ ಚಾಳಲ್ಲಿ ಬೆಳೆದ ಇಬ್ರು ಹುಡುಗ್ರು, ಒಬ್ಬ ಗರ್ದ್‌ಗೆ, ಅಂದ್ರೆ ಬ್ರೌನ್ ಶುಗರ್ ಚಟಕ್ಕೆ ಬಿದ್ದ, ಇನ್ನೊಬ್ಬ ಅದರ ಹತ್ರಾನೂ ಸುಳೀಲಿಲ್ಲ, ಯಾಕೆ?

ಡೋಪಮೈನ್ ಅಂದ್ರೆ ಖುಷಿ, ಆಸೆಗೆ ಸಂಬಂಧಪಟ್ಟ ಮಿದುಳಿನ ರಾಸಾಯನಿಕ, ಹಿಂದಿನ ವಿಡಿಯೋದಲ್ಲಿ ಹೇಳಿದೀನಿ, ಮುಂದೆ ಹೋಗೋಣ. ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಕೋತಿಗಳ ಮೇಲೆ ಮಾಡಿದ ಒಂದು ಪ್ರಯೋಗ ನೋಡೋಣ. ಪ್ರಯೋಗಕ್ಕೆ ಇಲಿ ಇದ್ರೂ ಕೋತಿ ಯಾಕೆ ಅಂದ್ರೆ, ಅದರ ಮಿದುಳಿನ ಮುಂಭಾಗ ನಮ್ಮದಕ್ಕೆ ಹತ್ತಿರ, ಅದೇ ಪ್ರಾಣೀನ ವರ್ಷಗಟ್ಟಲೆ ಸ್ಕ್ಯಾನ್ ಮಾಡಬಹುದು, ಮತ್ತೆ ಗುಂಪಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನೋದು ಅಲ್ಲೂ ಇದೆ.

ನಮ್ಮ ಬೊರಿವಲಿ ನ್ಯಾಷನಲ್ ಪಾರ್ಕಲ್ಲೇ ನೋಡಿದೀನಿ. ಕನ್ಹೇರಿ ಗುಹೆ ಮೆಟ್ಟಿಲ ಮೇಲೆ ಯಾರದೋ ಕೈಯಿಂದ ಕಡ್ಲೆಕಾಯಿ ಪೊಟ್ಲೆ ಬಿತ್ತು. ದಪ್ಪ ಗಂಡು ಕೋತಿ ಬಂದು ಆರಾಮಾಗಿ ಕೂತು ಒಂದೊಂದೇ ಸಿಪ್ಪೆ ಬಿಡಿಸಿ ತಿಂತಿತ್ತು, ನಾಲ್ಕು ಮೆಟ್ಟಿಲು ಕೆಳಗೆ ಒಂದು ಸಣಕಲು ಕೋತಿ, ಕಾಯಿ ಉರುಳಿ ಅದರ ಕಾಲ ಹತ್ರಾನೇ ಬಂದ್ರೂ ಮುಟ್ಟಲಿಲ್ಲ, ಮೇಲೆ ಒಂದ್ಸಲ ನೋಡಿ ಮುಖ ತಿರುಗಿಸ್ಕೊಂಡ್ತು.

ಈಗ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಬನ್ನಿ. ಅಲ್ಲಿನ ಸಂಶೋಧಕ ಮೈಕಲ್ ನೇಡರ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ. 20 ಗಂಡು ಕೋತಿಗಳನ್ನ ಒಂದೂವರೆ ವರ್ಷ ಒಂಟಿಯಾಗಿ ಇಟ್ಟು, ಮಿದುಳೊಳಗಿನ ರಿಸೆಪ್ಟರ್‌ಗಳನ್ನ ಅಳೆಯೋ ಪೆಟ್ ಸ್ಕ್ಯಾನ್ ಮಾಡಿದ್ರು, ಆಮೇಲೆ ನಾಲ್ಕು ನಾಲ್ಕರಂತೆ ಗುಂಪು ಮಾಡಿ ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್. ಗುಂಪಲ್ಲಿ ಮೇಲೆ ಬಂದ ಕೋತಿಗಳಲ್ಲಿ ಡಿ2 ಅನ್ನೋ ಡೋಪಮೈನ್ ರಿಸೆಪ್ಟರ್, ಅಂದ್ರೆ ಜೀವಕೋಶದ ಮೇಲೆ ಡೋಪಮೈನ್ ಬಂದು ಕೂರೋ ಜಾಗ, ಅದರ ಅಳತೆ ಸುಮಾರು 22% ಏರಿತ್ತು, ಕೆಳಗುಳಿದವುಗಳಲ್ಲಿ ಹೆಚ್ಚುಕಮ್ಮಿ ಇದ್ದಷ್ಟೇ. ಒಂಟಿಯಾಗಿದ್ದಾಗ ಅವೆರಡರ ಮಧ್ಯೆ ವ್ಯತ್ಯಾಸಾನೇ ಇರ್ಲಿಲ್ಲ! ಅಂದ್ರೆ ಮೊದಲು ಸ್ಥಾನ ಬಂತು, ಆಮೇಲೆ ಮಿದುಳು ಬದಲಾಯ್ತು. ನಾನು ಈ ಭಾಗಾನ ಮೂರು ಸಲ ಓದಿದೆ.

ಆಮೇಲೆ ಗುಂಡಿ ಒತ್ತಿದ್ರೆ ರಕ್ತನಾಳಕ್ಕೆ ಕೊಕೇನ್ ಹೋಗೋ ವ್ಯವಸ್ಥೆ ಮಾಡಿದ್ರು. ಕೆಳಗಿನವು ಒತ್ತಿ ಒತ್ತಿ ತಗೊಂಡ್ವು. ಮೇಲಿನವುಗಳಿಗೆ ಕೊಕೇನೂ ಒಂದೇ, ಸಲೈನ್ ನೀರೂ ಒಂದೇ ಅನ್ನೋ ಹಾಗಿತ್ತು. ಚಟಕ್ಕೆ ಬಿದ್ದವನನ್ನ ನೋಡಿ ಅವನ ಮನಸ್ಸು ಗಟ್ಟಿ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋದು ನನಗಂತೂ ಇನ್ನು ಸಾಧ್ಯ ಇಲ್ಲ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. ಬಹಳ ದಿನ ಕೊಕೇನ್ ತಗೊಂಡ ಮೇಲೆ ಆ ಡಿ2 ವ್ಯತ್ಯಾಸ ಅಳಿಸಿಹೋಯ್ತು. ಹೆಣ್ಣು ಕೋತಿಗಳ ಮೇಲೆ 2012ರಲ್ಲಿ ಪ್ರಕಟವಾದ ಕೆಲಸದಲ್ಲಿ ಉಲ್ಟಾ, ಮೇಲಿನವೇ ಬೇಗ ಕೊಕೇನ್‌ಗೆ ಅಂಟಿಕೊಂಡ್ವು, ಹಾಗಾಗಿ ಗಂಡಿನ ಲೆಕ್ಕ ಹೆಣ್ಣಿಗೆ ಹಾಕಬೇಡಿ. ಈ ವಿದ್ಯೆಗೆ ಕೋತಿಗಳು ಕೊಟ್ಟ ಬೆಲೇನೂ ಹೇಳ್ಬೇಕು: 1969ರ ಒಂದು ಅಧ್ಯಯನದಲ್ಲಿ ಮಿತಿಯಿಲ್ಲದೆ ಕೊಕೇನ್ ಸಿಕ್ಕ ಕೋತಿಗಳು ಫಿಟ್ಸ್ ಬಂದು ಸತ್ತವು. ಅದನ್ನ ಓದಿದಾಗ ಆ ಮೆಟ್ಟಿಲ ಮೇಲಿನ ಸಣಕಲು ಕೋತಿಯೇ ಕಣ್ಣ ಮುಂದೆ ಬಂತು.

ಅಕ್ಕ, ಆ ಹುಡುಗನ ಹೆಸರು ಬೇಡ. ಮನೇಲಿ, ಕೆಲಸದ ಜಾಗದಲ್ಲಿ ಅವನನ್ನ ಹೇಗೆ ನಡೆಸ್ಕೊಳ್ತಿದ್ರು ಅಂತ ಮಾತ್ರ ಬರೀರಿ, ಮುಂದಿನ ವಿಡಿಯೋ ಅಲ್ಲಿಂದ ಶುರು ಮಾಡ್ತೀನಿ.