ಮೈನಸ್ 3, ಮೈನಸ್ 8: ಯಾವುದು ದೊಡ್ಡದು?

ಕೇಳುಗರಿಗೆ ನಮಸ್ಕಾರ.

ಮೈನಸ್ 3, ಮೈನಸ್ 8. ಎರಡರಲ್ಲಿ ಯಾವುದು ದೊಡ್ಡದು? ಮೊದಲ ಸಲ ಕಲಿಯುವ ಎಷ್ಟೋ ಮಕ್ಕಳು ಥಟ್ಟನೆ ಮೈನಸ್ 8 ಅನ್ನುತ್ತಾರೆ. ಉತ್ತರ ತಪ್ಪು. ಆದರೆ ದಯವಿಟ್ಟು ಗದರಬೇಡಿ. ಸೊನ್ನೆಯಿಂದ ಯಾವುದು ಜಾಸ್ತಿ ದೂರ ಎಂದು ಕೇಳಿದ್ದರೆ ಅದೇ ಉತ್ತರ ಸರಿ, ಅಲ್ವಾ? ಮಗು ದೂರ ಅಳೆದಿದೆ. ನಾವು ಕೇಳಿದ್ದು ಜಾಗ.

ಎಡಗೈ ಅಂಗೈಯನ್ನು ಬಿಡಿಸಿ. ಅದರ ಮೇಲೆ ಬೆರಳಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ನಡುವೆ ಸೊನ್ನೆ. ಬಲಕ್ಕೆ 1, 2, 3. ಎಡಕ್ಕೆ ಮೈನಸ್ 1, ಮೈನಸ್ 2, ಹೀಗೆ. ಬಲಕ್ಕೆ ಹೋದಷ್ಟೂ ಸಂಖ್ಯೆ ದೊಡ್ಡದು. ಸೊನ್ನೆಯ ಆಚೆಗೂ ಈಚೆಗೂ ಇದೊಂದೇ ನಿಯಮ. ಈಗ ಮೈನಸ್ 8ರ ಮೇಲೆ ಬೆರಳಿಟ್ಟು ಬಲಕ್ಕೆ 5 ಹೆಜ್ಜೆ ಸರಿಸಿ. ಮೈನಸ್ 3 ಸಿಕ್ಕಿತು. 5 ಕೂಡಿಸಿದ ಮೇಲೆ ಸಿಕ್ಕಿದ್ದು ದೊಡ್ಡದೇ ಆಗಬೇಕು ತಾನೆ?

ಕೆಲವರು ಸುಲಭದ ದಾರಿ ಹೇಳಿಕೊಡುತ್ತಾರೆ: ಮೈನಸ್ ಕಂಡರೆ ಉಲ್ಟಾ ಮಾಡು. ನನಗೆ ಇದು ಒಪ್ಪಿಗೆಯಿಲ್ಲ. ಮೈನಸ್ 3 ಮತ್ತು ಬರೀ 8 ಎದುರಾದಾಗಲೂ ಮಗು ಉಲ್ಟಾ ಮಾಡಿ, ಮೈನಸ್ 3 ದೊಡ್ಡದು ಎಂದುಬಿಡುತ್ತದೆ. ಗೆರೆ ಕಂಡ ಮಗು ಅಲ್ಲಿ ತಪ್ಪುವುದಿಲ್ಲ.

ಋಣ ಸಂಖ್ಯೆ ಎಂಬ ಹೆಸರಲ್ಲೇ ಸಾಲವಿದೆ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಈ ಸಂಖ್ಯೆಗಳ ನಿಯಮ ಬರೆದದ್ದೂ ಧನ, ಋಣ ಎಂಬ ಮಾತುಗಳಲ್ಲೇ. ಸಾಲ ಹೆಚ್ಚಿದಷ್ಟೂ ಮನುಷ್ಯ ಕೆಳಗಿಳಿಯುತ್ತಾನೆ.

ನನಗಂತೂ ಚಳಿಯ ಲೆಕ್ಕ ಇನ್ನೂ ಇಷ್ಟ. ಸುಮಾರು ಮೈನಸ್ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾದರಸ ಗಟ್ಟಿಯಾಗುತ್ತದೆ. 1983ರ ಜುಲೈ 21ರಂದು ಅಂಟಾರ್ಕ್ಟಿಕಾದ ವೋಸ್ತೋಕ್ ಕೇಂದ್ರದಲ್ಲಿ ದಾಖಲಾದದ್ದು ಮೈನಸ್ 89.2. ಅಂಕೆ ನೋಡಿದರೆ 89 ದೊಡ್ಡದು. ಆದರೆ ಉಷ್ಣತೆ ಪಾದರಸದ ಆ ಗುರುತಿಗಿಂತ 50 ಡಿಗ್ರಿ ಕೆಳಗೆ. ಅಲ್ಲಿ ಪಾದರಸದ ಥರ್ಮಾಮೀಟರ್ ಕೆಲಸವನ್ನೇ ಮಾಡುವುದಿಲ್ಲ.

ಇನ್ನು ದೊಡ್ಡವರೂ ತಡವರಿಸುವ ಒಂದು ಜೋಡಿ. ಮೈನಸ್ ಅರ್ಧ, ಮೈನಸ್ ಮೂರನೇ ಒಂದು. ಒಂದು ರೊಟ್ಟಿಯನ್ನೋ ಹಾಳೆಯನ್ನೋ ಮೂರು ಪಾಲು ಮಾಡಿದರೆ ಪಾಲು ಅರ್ಧಕ್ಕಿಂತ ಚಿಕ್ಕದು. ಅಂದರೆ ಸೊನ್ನೆಗೆ ಹತ್ತಿರ. ಈಗ ಮತ್ತೆ ಅಂಗೈ ನೋಡಿ. ಸೊನ್ನೆಯ ಎಡಕ್ಕೆ ಮೊದಲು ಸಿಗುವುದು ಮೈನಸ್ ಮೂರನೇ ಒಂದು, ಆಮೇಲೆ ಮೈನಸ್ ಅರ್ಧ. ಬಲಗಡೆ ಇರುವುದು ಯಾವುದು, ಹೇಳಿ?

ನಮಸ್ಕಾರ.