ಅಗ್ಗದ ಕೀಬೋರ್ಡಿಗೆ ಸಮಯ ಕೊಡಿ, ದುಡ್ಡು ಬೇಡ

ನಮಸ್ಕಾರ. ಮೇಜಿನ ಮೇಲೆ ಎರಡು ಕೀಬೋರ್ಡ್ ಇಟ್ಟುಕೊಂಡು ಕೂತಿದ್ದೇನೆ. ಎಡಗಡೆ ಇರುವುದು 500 ರೂಪಾಯಿಯ ಸಾದಾ ಕೀಬೋರ್ಡ್. ಬಲಗಡೆಯದು ಮೆಕ್ಯಾನಿಕಲ್, ಅಂದರೆ ಪ್ರತಿ ಕೀಗೂ ಬೇರೆ ಸ್ವಿಚ್ ಇರುವಂಥದ್ದು, 3,000 ಕೊಟ್ಟು ತಂದೆ. ಎರಡರಲ್ಲೂ ವರ್ಷಗಟ್ಟಲೆ ಕನ್ನಡ ಟೈಪ್ ಮಾಡಿದ್ದೇನೆ. "ಇರುವ ಕೀಬೋರ್ಡನ್ನೇ ರಿಪೇರಿ ಮಾಡಿಕೊಂಡು ನಡೆಸಬಹುದಾ, ಇಲ್ಲಾ ಮೆಕ್ಯಾನಿಕಲ್ ತಗೊಳ್ಳಲೇಬೇಕಾ?" ಅಂತ ತುಂಬ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಕೀಬೋರ್ಡಿಗೆ ನಿಮ್ಮ ಸಮಯ ಎಷ್ಟು ಬೇಕಾದರೂ ಕೊಡಿ. ದುಡ್ಡು ಮಾತ್ರ ಸುರಿಯಬೇಡಿ.

ನಾನು ಗದಗಿನವನು. ಡಿಟಿಪಿ ಕೆಲಸ. ನಮ್ಮೂರನ್ನು ಮುದ್ರಣ ಕಾಶಿ ಅಂತಾರೆ, ಕೇಳಿರಬಹುದು. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ. ಉಳಿದ ದಿನ ಕರಪತ್ರ, ಬಿಲ್ ಬುಕ್, ಸಂಘಗಳ ವಾರ್ಷಿಕ ವರದಿ, ಆಗಾಗ ಒಂದು ಪುಸ್ತಕ. ದಿನಕ್ಕೆ ಎಂಟು ತಾಸು ಕೈ ಕೀಬೋರ್ಡಿನ ಮೇಲೇ ಇರುತ್ತದೆ. ಹಾಗಾಗಿ ಗೇಮಿಂಗ್ ವಿಷಯ ಇವತ್ತು ಬೇಡ. ಕನ್ನಡ ಟೈಪ್ ಮಾಡುವ ಕೈಯ ಕಷ್ಟ ಮಾತಾಡೋಣ.

ಆ ಕಷ್ಟ ಬೇರೆಯೇ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ನಾವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಒತ್ತಬೇಕು. 'ಅಕ್ಕ' ಬರೆಯಲು ಎ, ಕೆ, ಎಫ್, ಕೆ. 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ನಮ್ಮ ಭಾಷೆಯಲ್ಲಿ ಒತ್ತಕ್ಷರಕ್ಕೆ ಏನು ಬರ ಇದೆಯೇ? ಹಾಗಾಗಿ ನಮ್ಮ ಪ್ರೆಸ್ಸಿನ ಯಾವ ಕೀಬೋರ್ಡ್ ತೆಗೆದರೂ ಮೊದಲು ಸವೆದಿರುವುದು ಎಫ್.

ಇನ್ನು ಶಿಫ್ಟ್. ದೀರ್ಘ ಸ್ವರಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಳಕಾರಕ್ಕೆ, ಣಕಾರಕ್ಕೆ, ಶಕಾರಕ್ಕೆ ಶಿಫ್ಟ್. 'ಬಾಳೆ' ಅನ್ನುವ ಎರಡಕ್ಷರಕ್ಕೆ ಎರಡು ಸಲ ಶಿಫ್ಟ್ ಬೇಕು. ಇಂಗ್ಲಿಷ್ ಟೈಪ್ ಮಾಡುವವರಿಗೆ ವಾಕ್ಯದ ಶುರುವಿನಲ್ಲಿ ಒಮ್ಮೆ, ಹೆಸರು ಬಂದಾಗ ಒಮ್ಮೆ, ಅಷ್ಟೇ. ನಮಗೆ ಸಂಜೆ ಹೊತ್ತಿಗೆ ಎಡಗೈ ಕಿರುಬೆರಳು ಜೋಮು ಹಿಡಿದಿರುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ಕ್ಯಾಪ್ಸ್ ಲಾಕ್ ಬದಲಾಯಿಸಿ. ಎಷ್ಟು ಒಳ್ಳೇ ಜಾಗದಲ್ಲಿ ಇದೆ ನೋಡಿ, ಎ ಪಕ್ಕದಲ್ಲೇ. ಕನ್ನಡಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ತಪ್ಪಿ ಬೆರಳು ತಗುಲಿದರೆ ಸಾಲಿಗೆ ಸಾಲೇ ಹಾಳು. ಅದನ್ನೇ ಎಡಗಡೆಯ ಶಿಫ್ಟ್ ಮಾಡಿಬಿಡಿ. ವಿಂಡೋಸ್‌ಗೆ ಶಾರ್ಪ್‌ಕೀಸ್ ಅಂತ ಒಂದು ಸಣ್ಣ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದು ಬದಲಾವಣೆಯನ್ನು ವಿಂಡೋಸ್‌ನ ರಿಜಿಸ್ಟ್ರಿಯಲ್ಲೇ, ಅಂದರೆ ಸೆಟ್ಟಿಂಗುಗಳ ಕಡತದಲ್ಲೇ, ಬರೆದಿಡುತ್ತದೆ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು. ಆಮೇಲೆ ಶಾರ್ಪ್‌ಕೀಸ್ ತೆರೆದಿಡುವ ಅಗತ್ಯವೂ ಇಲ್ಲ. ಲಿನಕ್ಸ್ ಇದ್ದವರಿಗೆ ಕೀಡಿ ಇದೆ, ಮ್ಯಾಕ್ ಇದ್ದವರಿಗೆ ಕ್ಯಾರಬಿನರ್ ಇದೆ. 'ಆ'ಕಾರಕ್ಕೆ ಮಾತ್ರ ಬಲಗಡೆಯ ಶಿಫ್ಟನ್ನೇ ಬಳಸಿ, ಇಲ್ಲದಿದ್ದರೆ ಒಂದೇ ಬೆರಳು ಎರಡು ಕೀ ಒತ್ತಬೇಕಾಗುತ್ತದೆ. ಒಂದು ವಾರ ತಡವರಿಸುತ್ತೀರಿ. ಆಮೇಲೆ ಕೈಗೆ ತಾನಾಗಿ ರೂಢಿ ಆಗುತ್ತದೆ.

ಈಗ ಈ ಎಡಗಡೆಯದರ ಹೊಟ್ಟೆ ಬಿಚ್ಚಿ ತೋರಿಸುತ್ತೇನೆ. ಹಿಂದಿನ ಸ್ಕ್ರೂಗಳೆಲ್ಲ ಬಿಚ್ಚಿದರೂ ಬಾಯಿ ಬಿಡಲಿಲ್ಲ ಅಂದರೆ ಲೇಬಲ್ಲಿನ ಕೆಳಗೆ ಇನ್ನೊಂದು ಇದೆ ಅಂತ ಅರ್ಥ. ಬೆರಳಿನಿಂದ ಒತ್ತಿ ನೋಡಿ, ಕುಳಿ ಸಿಗುತ್ತದೆ. ಒಳಗೆ ನೋಡಿ, ತೆಳು ಪ್ಲಾಸ್ಟಿಕ್ಕಿನ ಮೂರು ಹಾಳೆ. ಮೇಲಿನದು, ಕೆಳಗಿನದು ಎರಡರಲ್ಲೂ ಗೆರೆ ಎಳೆದ ಹಾಗೆ ವಿದ್ಯುತ್ ಹರಿಯುವ ದಾರಿಗಳು. ನಡುವಿನದರಲ್ಲಿ ಬರೀ ತೂತು. ಕೀ ಒತ್ತಿದಾಗ ಅದರ ಕೆಳಗಿನ ರಬ್ಬರ್ ಟೋಪಿ ಕುಸಿಯುತ್ತದೆ, ತೂತಿನ ಮೂಲಕ ಮೇಲಿನ ಹಾಳೆ ಕೆಳಗಿನದಕ್ಕೆ ತಾಗುತ್ತದೆ, ಅಕ್ಷರ ಬೀಳುತ್ತದೆ. ಇಷ್ಟೇ ಯಂತ್ರ.

ನಾನು ಇದನ್ನು ಮೊದಲ ಸಲ ಬಿಚ್ಚಿದಾಗ ಒಳಗೆ ಕಾಗದದ ಧೂಳು, ಕೂದಲು, ಊದಿನಕಡ್ಡಿಯ ಬೂದಿ. ಕೀಗಳನ್ನು ಸೋಪು ನೀರಿನಲ್ಲಿ ತೊಳೆದು ಇಡೀ ದಿನ ಒಣಗಿಸಿದೆ. ಸ್ಪೇಸ್ ಬಾರಿನ ಕೆಳಗಿನ ತಂತಿಗೆ ಕಡ್ಡಿಯ ತುದಿಯಲ್ಲಿ ಚೂರು ಸಿಲಿಕೋನ್ ಗ್ರೀಸ್ ಹಚ್ಚಿದೆ. ಟಿವಿ ಪ್ಯಾಕಿಂಗಿನಲ್ಲಿ ಬಂದಿದ್ದ ತೆಳು ಫೋಮ್ ಕತ್ತರಿಸಿ ತಳದ ಖಾಲಿ ಜಾಗಕ್ಕೆ ಹಾಸಿದೆ. ಸದ್ದು ಕೇಳಿ. ಆ ಗಲಗಲ ಪೂರ್ತಿ ಹೋಗಿದೆ, ಅಲ್ವಾ?

ಎಫ್ ಕೆಳಗಿನ ರಬ್ಬರ್ ಸೋತುಹೋಗಿತ್ತು. ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಈ ಕೀಬೋರ್ಡಿನಲ್ಲಿ ರಬ್ಬರುಗಳು ಬಿಡಿ ಬಿಡಿಯಾಗಿವೆ, ಅದೃಷ್ಟ. ಸ್ಕ್ರಾಲ್ ಲಾಕನ್ನು ನಾನು ಯಾವತ್ತೂ ಮುಟ್ಟಿದವನಲ್ಲ. ಅಲ್ಲಿದ್ದ ಹೊಸದರಂಥ ರಬ್ಬರ್ ತೆಗೆದು ಎಫ್‌ಗೆ ಇಟ್ಟೆ, ಎಫ್‌ನದನ್ನು ಅಲ್ಲಿಗೆ ಕಳಿಸಿದೆ. ಇವತ್ತಿಗೂ ಒತ್ತಕ್ಷರ ಗಟ್ಟಿಯಾಗಿ ಬೀಳುತ್ತಿದೆ.

ಮುಚ್ಚುವಾಗ ಒಂದು ಎಚ್ಚರ ಬೇಕು. ನಾನು ಜೋಡಿಸಿ ನೋಡಿದರೆ ಒಂದಿಡೀ ಸಾಲಿನ ಕೀಗಳು ಸತ್ತಿದ್ದವು. ಎದೆ ಧಸಕ್ ಅಂತು. ಹಾಳೆಯ ಅಂಚು ಆ ಸಣ್ಣ ಸರ್ಕ್ಯೂಟ್ ಬೋರ್ಡಿಗೆ ಒತ್ತಿಕೊಂಡು ಕೂರಬೇಕು, ಬೆಸುಗೆ ಇರುವುದಿಲ್ಲ. ಅಲ್ಲಿ ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದ ಕೂಡಲೇ ಜೀವ ಬಂತು.

ಇಷ್ಟಕ್ಕೆ ಖರ್ಚು ಆಗಿದ್ದು ಒಂದು ಭಾನುವಾರ. ನನ್ನ ಪ್ರಕಾರ ಇಲ್ಲಿಗೆ ನಿಲ್ಲಿಸಬೇಕು. ಕೆಲವರು ಇದರ ಮೇಲೆ ಬಣ್ಣದ ಕೀಕ್ಯಾಪ್, ಅಂದರೆ ಕೀಗಳ ಮೇಲಿನ ಮುಚ್ಚಳದ ಸೆಟ್ ತರಿಸುತ್ತಾರೆ, ತಂದ ಮೇಲೆ ಕೂರುವುದೇ ಇಲ್ಲ. ಮಾರುಕಟ್ಟೆಯ ಸೆಟ್ಟುಗಳು ಹೆಚ್ಚಾಗಿ ಮೆಕ್ಯಾನಿಕಲ್ ಸ್ವಿಚ್ಚಿನ ಕೂಡು ಗುರುತಿನ ಕಾಂಡಕ್ಕೆ ಹೊಂದುವಂಥವು. ಹಾಳೆಯ ಮೇಲಿನ ಗೆರೆ ಸವೆದರೂ ಅಷ್ಟೇ, ಬಿಡಿಭಾಗ ಸಿಗುವುದಿಲ್ಲ. ಹಾಗೆ ಎರಡು ಕೀಬೋರ್ಡ್ ಎಸೆದಿದ್ದೇನೆ. ಇನ್ನೊಂದು ಕೊರತೆ ನೀವೇ ಪರೀಕ್ಷೆ ಮಾಡಿ. ಎರಡೂ ಶಿಫ್ಟ್ ಒಟ್ಟಿಗೆ ಹಿಡಿದು ಎ ಇಂದ ಝಡ್ ತನಕ ಟೈಪ್ ಮಾಡಿ. ಅಗ್ಗದ ಕೀಬೋರ್ಡ್ ಹಲವು ಅಕ್ಷರ ನುಂಗುತ್ತದೆ. ಒಳಗಿನ ದಾರಿಗಳನ್ನು ಹಾಗೆ ಹೆಣೆದಿರುತ್ತಾರೆ. ಫೋಮ್, ಗ್ರೀಸ್ ಯಾವುದರಿಂದಲೂ ಅದು ಸರಿಹೋಗುವುದಿಲ್ಲ.

ಹಾಗಂತ ಹಾಳೆ ಅಂದರೆ ಕೀಳು ಅಂತ ತಿಳಿಯಬೇಡಿ. ಜನ ಇವತ್ತಿಗೂ ಹುಡುಕಿ ಕೊಳ್ಳುವ ಐಬಿಎಂನ ಮಾಡೆಲ್ ಎಂ ಕೀಬೋರ್ಡ್ 1985ರದ್ದು. ಅದರ ಸ್ಪ್ರಿಂಗುಗಳ ಕೆಳಗೆ ಇರುವುದೂ ಇಂಥದ್ದೇ ಹಾಳೆ.

ಈಗ ಬಲಗಡೆಯದು. ಇದರಲ್ಲಿ ಪ್ರತಿ ಕೀಗೂ ತನ್ನದೇ ಸ್ವಿಚ್, ತನ್ನದೇ ಸ್ಪ್ರಿಂಗ್. ಚೆರ್ರಿ ಕಂಪನಿಯ ಎಂಎಕ್ಸ್ ಮಾದರಿಯ ಸ್ವಿಚ್ 4 ಮಿಲಿಮೀಟರ್ ಇಳಿಯುತ್ತದೆ, ಆದರೆ ಸುಮಾರು 2ಕ್ಕೇ ಅಕ್ಷರ ಬೀಳುತ್ತದೆ. ತಳಕ್ಕೆ ಗುದ್ದಬೇಕಾಗಿಲ್ಲ. ಎಂಟು ತಾಸಿನ ಕೆಲಸದಲ್ಲಿ ಇದು ಬೆರಳಿಗೆ ಗೊತ್ತಾಗುತ್ತದೆ. ಆದರೂ ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ. ಇದು ಹಾಟ್ ಸ್ವಾಪ್. ನೋಡಿ, ಕೀಕ್ಯಾಪ್ ತೆಗೆದೆ, ಈ ಚಿಮಟದಿಂದ ಸ್ವಿಚ್ ಎಳೆದೆ, ಹೊಸದನ್ನು ಒತ್ತಿದೆ. ಟಕ್. ಎಫ್ ಹೊಸದಾಯಿತು. ಬೆಸುಗೆ ಬೇಡ. ಹಾಗಾಗಿ ಕೊಳ್ಳುವುದಾದರೆ ಹಾಟ್ ಸ್ವಾಪ್ ಇದೆಯಾ ಅಂತ ಮೊದಲು ಕೇಳಿ, ಲೈಟಿನ ವಿಷಯ ಆಮೇಲೆ. ನೀಲಿ ಸ್ವಿಚ್ ಕ್ಲಿಕ್ ಕ್ಲಿಕ್ ಅನ್ನುತ್ತದೆ, ನಾಲ್ಕು ಜನ ಕೂರುವ ಕೋಣೆಗೆ ಬೇಡ. ಕಂದು ತಗೊಳ್ಳಿ. ಮೆಕ್ಯಾನಿಕಲ್ ಕೀಬೋರ್ಡಿನ ಎತ್ತರ ಜಾಸ್ತಿ, ಮಣಿಕಟ್ಟು ನೋಯುತ್ತದೆ. ಒಂದು ಟವೆಲ್ ಮಡಚಿ ಮುಂದೆ ಇಟ್ಟುಕೊಳ್ಳಿ.

ದಿನಕ್ಕೆ ನಾಲ್ಕೈದು ತಾಸು ಟೈಪ್ ಮಾಡಿ ಹೊಟ್ಟೆ ಹೊರೆಯುವವರು ಇದನ್ನು ಧೈರ್ಯವಾಗಿ ತಗೊಳ್ಳಿ. ವಾರಕ್ಕೆರಡು ಅರ್ಜಿ ಟೈಪ್ ಮಾಡುವವರು ಆ 3,000 ರೂಪಾಯಿ ಇಟ್ಟುಕೊಳ್ಳಿ. ಇಬ್ಬರಿಗೂ ಕ್ಯಾಪ್ಸ್ ಲಾಕ್ ಬದಲಾವಣೆ ಬೇಕೇ ಬೇಕು. ಅದು ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದೆ ಯಾವ ಕೀಬೋರ್ಡ್ ಸಿಕ್ಕಿಸಿದರೂ ನಡೆಯುತ್ತದೆ.

ನಮ್ಮ ಪ್ರೆಸ್ಸಿಗೆ ಎರಡು ತಿಂಗಳ ಹಿಂದೆ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಈ 500 ರೂಪಾಯಿಯದನ್ನೇ ಅವಳಿಗೆ ಕೊಟ್ಟಿದ್ದೇನೆ. ಮೊನ್ನೆ ಬಂದು, "ಅಣ್ಣಾ, ನಮ್ಮ ಮನ್ಯಾಗಿನ ಲ್ಯಾಪ್‌ಟಾಪಿಗೂ ಹಿಂಗ ಮಾಡಿಕೊಡ್ರಿ, ಅಲ್ಲಿ ಕೈ ತಪ್ಪಾಕತ್ತೈತಿ" ಅಂದಳು. ಶಾರ್ಪ್‌ಕೀಸ್ ಪೆನ್ ಡ್ರೈವಿಗೆ ಹಾಕಿ ಕೊಟ್ಟೆ.