ಬಿದ್ದ ಯೋಧನಿಗೆ ಬಣ್ಣ ಹಚ್ಚುವಾಗ

ಎಲ್ಲರಿಗೂ ನಮಸ್ಕಾರ. ಯುದ್ಧದಲ್ಲಿ ಮಡಿದ ಸೈನಿಕನ ಪುಟ್ಟ ಮಾದರಿ ಮಾಡಲು ಕೂತಾಗ ಹೆಚ್ಚಿನವರ ಗಮನ ಹೋಗುವುದು ರಕ್ತಕ್ಕೆ, ಗಾಯಕ್ಕೆ. ನನ್ನ ಪ್ರಕಾರ ಅದು ಕಟ್ಟಕಡೆಯ ಕೆಲಸ. ಮೊದಲು ಮೈಯ ಭಾರ ಕಾಣಬೇಕು.

1/35 ಅಳತೆಯಲ್ಲಿ, ಅಂದರೆ ನಿಜ ಗಾತ್ರದ ಮೂವತ್ತೈದರಲ್ಲಿ ಒಂದು ಪಾಲಿನಲ್ಲಿ, ಒಬ್ಬ ಸೈನಿಕ ಸುಮಾರು 5 ಸೆಂಟಿಮೀಟರ್ ಎತ್ತರ ಇರುತ್ತಾನೆ. ಅಂಗಡಿಯಲ್ಲಿ ಸಿಗುವ ಮಾದರಿ ಕಿಟ್‌ಗಳಲ್ಲಿ ಬರುವವರು ಜಾಸ್ತಿ ನಿಂತವರು, ಓಡುವವರು. ನಿಂತವನನ್ನು ಸುಮ್ನೆ ಅಡ್ಡ ಮಲಗಿಸಿದರೆ ಉರುಳಿದ ಗೊಂಬೆಯ ಹಾಗೆ ಕಾಣುತ್ತಾನೆ. ಕತ್ತು, ಸೊಂಟ, ಮಂಡಿ ಕತ್ತರಿಸಬೇಕು. ಒಳಗೆ ತೆಳು ತಂತಿ ಇಟ್ಟು ಬೇರೆ ಭಂಗಿಗೆ ತರಬೇಕು. ಸಂದುಗಳಿಗೆ ಎಪಾಕ್ಸಿ ಪುಟ್ಟಿ (ಕಲಸಿಟ್ಟರೆ ಗಟ್ಟಿಯಾಗುವ ಮೆತ್ತನೆಯ ಮುದ್ದೆ) ತುಂಬಿ ಬಟ್ಟೆಯ ಮಡಿಕೆಗಳನ್ನು ಹೊಸದಾಗಿ ಕೆತ್ತಬೇಕು. ಈಗ ಆ ಮಡಿಕೆಗಳು ಕಾಲಿನ ಕಡೆಗಲ್ಲ, ನೆಲದ ಕಡೆಗೆ ಇಳಿಯಬೇಕು, ಅಲ್ವಾ? ಮೈಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಆತ ತೇಲಿದಂತೆ ಕಾಣುತ್ತಾನೆ. ಅದಕ್ಕೆ ನೆಲದ ಪುಟ್ಟಿ ಹಸಿ ಇರುವಾಗಲೇ ಅವನನ್ನು ಒತ್ತಿ ಅಚ್ಚು ಮೂಡಿಸಿಕೊಳ್ಳಿ.

ಬೆಳಕಿನ ಲೆಕ್ಕವೂ ಬದಲಾಗುತ್ತದೆ. ನಿಂತವನ ಹೆಲ್ಮೆಟ್ಟು, ಭುಜದ ಮೇಲೆ ಬೀಳುವ ಬೆಳಕು ಅಂಗಾತ ಬಿದ್ದವನ ಎದೆ, ಹಣೆ, ತೊಡೆಯ ಮೇಲೆ ಬೀಳುತ್ತದೆ. ಬಣ್ಣಕ್ಕೆ ಮುಂಚಿನ ತಳಪದರವಾದ ಪ್ರೈಮರನ್ನು ಮೊದಲು ಕಪ್ಪಗೆ ಹೊಡೆದ ಮೇಲೆ, ಅವನನ್ನು ಮಲಗಿಸಿಯೇ ಮೇಲಿನಿಂದ ಬಿಳಿ ಪ್ರೈಮರ್ ಹೊಡೆಯಿರಿ. ಎಲ್ಲಿ ತಿಳಿ, ಎಲ್ಲಿ ಗಾಢ ಎಂದು ಅದೇ ತೋರಿಸಿಕೊಡುತ್ತದೆ.

ಮುಖಕ್ಕೆ ನೀಲಿ ಬಳಿಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಪ್ರಾಣ ಹೋದ ಸ್ವಲ್ಪ ಹೊತ್ತಿಗೆ ಚರ್ಮ ಬಿಳಚಿಕೊಳ್ಳುತ್ತದೆ. ನೇರಳೆ ಛಾಯೆ ಚೆನ್ನಾಗಿ ಕಾಣಲು ಗಂಟೆಗಳೇ ಬೇಕು, ಅದೂ ರಕ್ತ ಇಳಿದು ನಿಲ್ಲುವ ಕೆಳಬದಿಯಲ್ಲಿ. ಕೆನ್ನೆ, ತುಟಿ, ಕಿವಿಯ ಕೆಂಪು ಕಡಿಮೆ ಮಾಡಿ, ಸಾಕು.

ಇನ್ನು ಸಮವಸ್ತ್ರ. 1914ರ ಆಗಸ್ಟ್‌ನಲ್ಲಿ ಮಡಿದ ಫ್ರೆಂಚ್ ಕಾಲಾಳಿನದು ಕೆಂಪು ಪ್ಯಾಂಟು. ಮರುವರ್ಷದ ತಿಳಿನೀಲಿ ಬಟ್ಟೆ, ಏಡ್ರಿಯನ್ ಎಂಬ ಉಕ್ಕಿನ ಹೆಲ್ಮೆಟ್ಟು ಅವನು ನೋಡಿಯೇ ಇರಲಿಲ್ಲ. ಹಳೇ ಫೋಟೋ ನೋಡಿ ಬಣ್ಣ ಊಹಿಸುವಾಗಲೂ ಎಚ್ಚರ ಬೇಕು. ಆ ಕಾಲದ ಎಷ್ಟೋ ಫಿಲ್ಮ್‌ಗಳಲ್ಲಿ ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬರುತ್ತಿತ್ತು. ಪದಕದ ಪಟ್ಟಿಯ ಬಣ್ಣ ತಪ್ಪಾಗುವುದು ಇಲ್ಲೇ. ಇಷ್ಟೆಲ್ಲ ಯಾಕೆ ಅಂದರೆ, ಸತ್ತವನು ಯಾರೋ ಒಬ್ಬ ಸೈನಿಕನಲ್ಲ. ಒಂದು ದಿನ, ಒಂದು ಜಾಗದಲ್ಲಿ ಬಿದ್ದ ಒಬ್ಬ ಮನುಷ್ಯ.

ಬ್ರಿಟನ್ನಿನ ಕಲಾವಿದ ರಾಬ್ ಹರ್ಡ್ ಇದನ್ನೇ ಹಿಡಿದು ಹೊರಟವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೊಮ್‌ ರಣಭೂಮಿಯಲ್ಲಿ ಮಡಿದು, ಗುರುತಿನ ಸಮಾಧಿಯೂ ಸಿಗದ 72,396 ಜನರಿಗಾಗಿ ಅಷ್ಟೇ ಪುಟ್ಟ ಆಕೃತಿಗಳನ್ನು ಮಾಡಿದರು. ಪ್ರತಿಯೊಂದಕ್ಕೂ ಕೈಯಲ್ಲೇ ಹೆಣವಸ್ತ್ರ ಹೊಲಿದರು. 2018ರ ನವೆಂಬರ್‌ನಲ್ಲಿ ಅವನ್ನು ಲಂಡನ್ನಿನ ಒಲಿಂಪಿಕ್ ಪಾರ್ಕಿನಲ್ಲಿ ಸಾಲಾಗಿ ಮಲಗಿಸಿದ್ದರು. ಅಲ್ಲಿ ರಕ್ತ ಇರಲಿಲ್ಲ, ಮುಖವೂ ಕಾಣುತ್ತಿರಲಿಲ್ಲ.

ನೀವು ಮಾಡುವುದು ಹೆಸರು ಗೊತ್ತಿರುವ ಯೋಧನನ್ನಾದರೆ, ಮನೆಯವರನ್ನು ಮೊದಲೇ ಕೇಳಿ. ಬಿದ್ದ ಭಂಗಿ ಬೇಡ ಎಂದರೆ ನಿಲ್ಲಿಸಿಯೇ ಮಾಡಿ. ಪೀಠದ ಮೇಲೆ ಹೆಸರು, ರೆಜಿಮೆಂಟು, ದಿನಾಂಕ ಬರೆಯಿರಿ.